ಅಟ್ಲಾಂಟಾಗೆ ಕೆಲಸಕ್ಕೆ ಬರುವ ಬ್ಲ್ಯಾಕ್ ಯುವಜನರಿಗೆ ಊರು ತಮ್ಮದಾಗುವುದು ಹೇಗೆ? ಕೈಪಿಡಿಗೆ ಸಲಹೆ ಬೇಕು

ಸುಮಾ_ಎಚ್‌ಆರ್
ಎಲ್ಲರಿಗೂ ನಮಸ್ಕಾರ. ಅಟ್ಲಾಂಟಾದ ಕಂಪನಿಯೊಂದರ ಎಚ್‌ಆರ್ ವಿಭಾಗಕ್ಕೆ ಹೊಸಬರ ಕೈಪಿಡಿ ಬರೆಯುತ್ತಿದ್ದೇನೆ. ಬೇರೆ ರಾಜ್ಯಗಳಿಂದ ಬರುವ 23ರಿಂದ 30ರ ವಯಸ್ಸಿನ ಬ್ಲ್ಯಾಕ್ ಎಂಜಿನಿಯರ್‌ಗಳು, ಅಕೌಂಟೆಂಟ್‌ಗಳಿಗೆ ಅದರಲ್ಲಿ ಒಂದು ಅಧ್ಯಾಯವಿದೆ. "ಬ್ಲ್ಯಾಕ್ ಜನ ಇಷ್ಟು ಬೆಳೆದಿರುವ ಊರಿಗೆ ಬಂದೂ ಒಂಟಿ ಅನ್ನಿಸುತ್ತದೆ" ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಬರೀ ಸಂಘಗಳ ಹೆಸರು ಪಟ್ಟಿ ಮಾಡಿಕೊಟ್ಟರೆ ಪ್ರಯೋಜನವಿಲ್ಲ. ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತಾರೆ ಎಂದು ಬಲ್ಲವರು ಬಿಡಿಸಿ ಹೇಳಿ.

ಡೆಕೇಟರ್_ದಿವಾಕರ
ಸುಮಾ ಅವರೇ, ಮೊದಲ ತಪ್ಪು ಮನೆ ಹಿಡಿಯುವಾಗಲೇ ಆಗುತ್ತದೆ. ವಿಳಾಸದಲ್ಲಿ "ಅಟ್ಲಾಂಟಾ" ಎಂದಿದ್ದ ಮಾತ್ರಕ್ಕೆ ಮನೆ ನಗರದೊಳಗಿದೆ ಎಂದಲ್ಲ; ಅಂಚೆಯ ಲೆಕ್ಕದಲ್ಲಿ ಅಟ್ಲಾಂಟಾ ಆಗಿರುವ ಎಷ್ಟೋ ಅಪಾರ್ಟ್‌ಮೆಂಟ್‌ಗಳು ನಗರದ ಗಡಿಯ ಆಚೆ, ಕಾಬ್ ಅಥವಾ ಡಿಕಾಲ್ಬ್ ಕೌಂಟಿಯಲ್ಲಿವೆ. ಇದು ಯಾಕೆ ಮುಖ್ಯ ಅಂದರೆ, ನಗರದೊಳಗಿನ ಪ್ರತಿ ವಿಳಾಸವೂ ಒಂದು ಎನ್‌ಪಿಯು, ಅಂದರೆ ನೆರೆಹೊರೆ ಯೋಜನಾ ಘಟಕಕ್ಕೆ ಸೇರಿರುತ್ತದೆ. ನಗರದ ಮೊದಲ ಬ್ಲ್ಯಾಕ್ ಮೇಯರ್ ಮೇನಾರ್ಡ್ ಜಾಕ್ಸನ್ ಕಾಲದಲ್ಲಿ, 1974ರಲ್ಲಿ ಶುರುವಾದ ವ್ಯವಸ್ಥೆ ಇದು. ಘಟಕಗಳಿಗೆ ಇಂಗ್ಲಿಷ್ ಅಕ್ಷರಗಳೇ ಹೆಸರು: ವೆಸ್ಟ್ ಎಂಡ್ 'ಟಿ', ಓಲ್ಡ್ ಫೋರ್ತ್ ವಾರ್ಡ್ 'ಎಂ'.

ತಿಂಗಳಿಗೊಂದು ಸಭೆ, ಸಾಮಾನ್ಯವಾಗಿ ಸಂಜೆ. ಜಮೀನು ಬಳಕೆ ಬದಲಾವಣೆ, ಮದ್ಯದಂಗಡಿ ಪರವಾನಗಿ, ಹೊಸ ಕಟ್ಟಡ ಇವೆಲ್ಲ ಅಲ್ಲಿ ಚರ್ಚೆಗೆ ಬರುತ್ತವೆ. ಘಟಕದ ಅಭಿಪ್ರಾಯ ನಗರಸಭೆಗೆ ಬರೀ ಸಲಹೆ, ಆದರೂ ತೂಕವಿದೆ. 18 ದಾಟಿದ ನಿವಾಸಿಗಳು, ಬಾಡಿಗೆದಾರರೂ ಸೇರಿ, ಮತ ಹಾಕಬಹುದು. ಕೆಲವು ಘಟಕಗಳಲ್ಲಿ ಮತದ ಹಕ್ಕು ಬರಬೇಕಾದರೆ ಮೊದಲು ಒಂದೆರಡು ಸಭೆಗೆ ಹಾಜರಿ ಬೇಕು. ಆಯಾ ಘಟಕದ ಬೈಲಾ ನೋಡಿಕೊಳ್ಳಿ. ಸಭೆಗೆ ಹೋಗುವ ಮುಂಚೆ ಹಿಂದಿನ ತಿಂಗಳ ನಡಾವಳಿ ಓದಿಕೊಂಡು ಹೋಗಲಿ. ಮೊದಲ ಸಲವೇ ಎದ್ದು ನಿಂತು ಸಲಹೆ ಕೊಡುವುದು ಬೇಡ. ನಲವತ್ತು ವರ್ಷದಿಂದ ಅದೇ ಬೀದಿಯಲ್ಲಿರುವ ಹಿರಿಯರು ಎದುರು ಕುಳಿತಿರುತ್ತಾರೆ. ಹಳೆಯ ರೈಲು ಹಾದಿಯ ಮೇಲೆ ಊರ ಸುತ್ತ ಕಟ್ಟುತ್ತಿರುವ ಕಾಲ್ದಾರಿ, ಬೆಲ್ಟ್‌ಲೈನ್, ಬಂದ ಮೇಲೆ ಅವರ ತೆರಿಗೆ, ಬಾಡಿಗೆ ಎರಡೂ ಏರಿವೆ, ಒಳ್ಳೆ ಸಂಬಳದ ಹೊಸಬರ ಮೇಲೆ ಅನುಮಾನವೂ ಇದೆ, ಆ ಹೊಸಬರು ಬ್ಲ್ಯಾಕ್ ಆಗಿದ್ದರೂ ಸರಿಯೇ. ಆ ಅನುಮಾನ ನ್ಯಾಯವಾದದ್ದು. ಸಭೆ ಮುಗಿದ ಮೇಲೆ ಕುರ್ಚಿ ಮಡಚಿಡಲು ನಿಂತವರಿಗೆ ಅದು ಬೇಗ ಕರಗುತ್ತದೆ.

ಇನ್ನು ದೂರ. ಕಚೇರಿ ಉತ್ತರದ ಉಪನಗರ ಆಲ್ಫಾರೆಟಾದಲ್ಲಿದ್ದು ಮನೆ ವೆಸ್ಟ್ ಎಂಡ್‌ನಲ್ಲಾದರೆ ಸಂಜೆ 7ರ ಯಾವ ಸಭೆಗೂ ನೆಮ್ಮದಿಯಾಗಿ ತಲುಪಲಾರರು. ಮಾರ್ಟಾ ರೈಲು ಉತ್ತರಕ್ಕೆ ನಾರ್ತ್ ಸ್ಪ್ರಿಂಗ್ಸ್‌ನಲ್ಲೇ ನಿಲ್ಲುತ್ತದೆ, ಆಮೇಲೆ ಹೆದ್ದಾರಿಯೇ ಗತಿ. ಕಚೇರಿ ಮಿಡ್‌ಟೌನ್ ಆದರೆ ವೆಸ್ಟ್ ಎಂಡ್ ನಿಲ್ದಾಣದಿಂದ ಕೆಂಪು ಅಥವಾ ಚಿನ್ನದ ಮಾರ್ಗ, ನೇರ. ಸಂಜೆ ಅರ್ಧ ಗಂಟೆಯಲ್ಲಿ ತಲುಪಲಾಗದ ಗುಂಪಿಗೆ ಯಾರೂ ಮೂರು ತಿಂಗಳಿಗಿಂತ ಹೆಚ್ಚು ಹೋಗುವುದಿಲ್ಲ ಎಂದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕಿ.

ಪ್ರತಿಮಾ ಕೆ.
ದಿವಾಕರ್ ಸರ್ ಹೇಳಿದ್ದಕ್ಕೆ ವೃತ್ತಿ ಸಂಘಗಳನ್ನು ಸೇರಿಸುತ್ತೇನೆ. ಬ್ಲ್ಯಾಕ್ ಜನರ ಹಕ್ಕು, ಉದ್ಯೋಗಕ್ಕಾಗಿ ದುಡಿಯುವ ಅರ್ಬನ್ ಲೀಗ್ 1910ರದ್ದು; ಅದರ ಯುವ ವೃತ್ತಿಪರರ ವಿಭಾಗ 21ರಿಂದ 40 ವಯಸ್ಸಿನವರಿಗೆ. ಎಂಜಿನಿಯರ್‌ಗಳಿಗೆ 1975ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಬ್ಲ್ಯಾಕ್ ಎಂಜಿನಿಯರ್‌ಗಳ ರಾಷ್ಟ್ರೀಯ ಸಂಘ ಎನ್‌ಎಸ್‌ಬಿಇ, ಅಕೌಂಟೆಂಟ್‌ಗಳಿಗೆ 1969ರ ನಾಬಾ, ಅಂದರೆ ಬ್ಲ್ಯಾಕ್ ಅಕೌಂಟೆಂಟ್‌ಗಳ ರಾಷ್ಟ್ರೀಯ ಸಂಘ. ಈ ಸಂಘಗಳಲ್ಲಿ ಓದು ಮುಗಿಸಿ ಕೆಲಸಕ್ಕೆ ಸೇರಿದವರ ಶಾಖೆಗಳೇ ಬೇರೆ ಇವೆ, ವಿದ್ಯಾರ್ಥಿ ಶಾಖೆಗೆ ಹೋಗಿ ಸಪ್ಪೆ ಅನ್ನಿಸಿ ವಾಪಸಾಗುವುದು ಬೇಡ.

ಎಡವುವುದು ಮಿಕ್ಸರ್‌ಗಳಲ್ಲಿ, ಅಂದರೆ ಪರಿಚಯ ಮಾಡಿಕೊಳ್ಳುವ ಸಂಜೆಕೂಟಗಳಲ್ಲಿ. ಶುಕ್ರವಾರ ಸಂಜೆ ಮಿಡ್‌ಟೌನ್‌ನಲ್ಲಿ ಕಾರ್ಡು ಹಂಚಿಕೊಂಡ ಇಪ್ಪತ್ತು ಮುಖಗಳಲ್ಲಿ ಒಂದೂ ಮುಂದಿನ ವಾರ ಸಿಗುವುದಿಲ್ಲ. ಸದಸ್ಯತ್ವದ ಹಣ ಕಟ್ಟಿದ ದಿನವೇ ಯಾವುದಾದರೂ ಸಮಿತಿಗೆ ಹೆಸರು ಕೊಡಬೇಕು, ಅದರಲ್ಲೂ ಬೇಸರದ ಕೆಲಸಕ್ಕೆ: ನೋಂದಣಿ ಮೇಜು, ಖಜಾಂಚಿಯ ಸಹಾಯಕ, ಶನಿವಾರದ ಗಣಿತ ಪಾಠ. ನಮ್ಮ ನೃಪತುಂಗ ಕನ್ನಡ ಕೂಟದಲ್ಲೂ ರಾಜ್ಯೋತ್ಸವದ ಊಟ ಮಾಡಿ ಹೋದವರಿಗಿಂತ ಬಡಿಸಲು ನಿಂತವರಿಗೇ ಕೂಟ ತಮ್ಮದು ಅನ್ನಿಸುವುದು. ವಾರಕ್ಕೊಮ್ಮೆ ಮಾಡುವ ಒಂದು ಕೆಲಸ, ತಿಂಗಳಿಗೊಂದು ಸಭೆ, ಮೊದಲ ವರ್ಷಕ್ಕೆ ಇಷ್ಟು ಸಾಕು. ಐದು ಕಡೆ ಸೇರಿದವರು ಮಾರ್ಚ್ ಹೊತ್ತಿಗೆ ಐದನ್ನೂ ಬಿಟ್ಟಿರುತ್ತಾರೆ.

ಮಕ್ಕಳಿಗೆ ಮಾರ್ಗದರ್ಶನ ಕೊಡುವ ಕೆಲಸಕ್ಕೆ ಹಿನ್ನೆಲೆ ಪರಿಶೀಲನೆ ಇರುತ್ತದೆ, ಕೆಲವು ವಾರ ಹಿಡಿಯಬಹುದು. ಒಂದು ವರ್ಷ ಬಿಡುವುದಿಲ್ಲ ಎಂಬ ಖಾತ್ರಿಯಿಲ್ಲದೆ ಒಪ್ಪಿಕೊಳ್ಳಬಾರದು. ನಾಲ್ಕನೇ ತಿಂಗಳಲ್ಲಿ ಕೈಬಿಟ್ಟರೆ ಆ ಮಗುವಿಗೆ ಬೀಳುವ ಪೆಟ್ಟು ದೊಡ್ಡದು.

ಸುಮಾ_ಎಚ್‌ಆರ್
ಇಬ್ಬರಿಗೂ ತುಂಬಾ ಧನ್ಯವಾದ. ಒಂದು ಸಂದೇಹ. ಇಲ್ಲಿನ ಹಳೆಯ ಬ್ಲ್ಯಾಕ್ ಕಾಲೇಜುಗಳಾದ ಮೋರ್‌ಹೌಸ್, ಸ್ಪೆಲ್ಮನ್‌ನಲ್ಲಿ ಓದಿದವರಿಗೆ ಇಲ್ಲಿ ಮೊದಲೇ ಬಳಗವಿರುತ್ತದೆ. ಓಹಿಯೋದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದಿ ಬಂದವರಿಗೆ?

ನಾಗರಾಜ್ ಟಿ. ಎಸ್.
ಸರಿಯಾದ ಜಾಗಕ್ಕೆ ಕೈ ಹಾಕಿದಿರಿ ಮೇಡಂ. ಅಟ್ಲಾಂಟಾದ ಬ್ಲ್ಯಾಕ್ ಮಧ್ಯಮ ವರ್ಗದ ನಂಟುಗಳು ಬಹುಮಟ್ಟಿಗೆ ಮೂರು ಎಳೆಗಳಲ್ಲಿ ಓಡುತ್ತವೆ: ಆ ಕಾಲೇಜುಗಳು, ಚರ್ಚು, ಗ್ರೀಕ್ ಅಕ್ಷರಗಳ ಹೆಸರಿರುವ, ಕಾಲೇಜಿನಲ್ಲಿ ಶುರುವಾಗುವ ಬ್ಲ್ಯಾಕ್ ಸಂಘಗಳು. ಮೂರೂ ಇಲ್ಲದವರಿಗೆ ಹಳೆಯ ವಿದ್ಯಾರ್ಥಿಗಳು ಕಾಲೇಜಿಗೆ ಮರಳಿ ಬರುವ ಅಕ್ಟೋಬರ್‌ನ ಹೋಮ್‌ಕಮಿಂಗ್ ವಾರ ಊರಿಗೆ ಊರೇ ನೆಂಟರ ಮದುವೆಗೆ ಹೋದಂತಿರುತ್ತದೆ. ನೈಜೀರಿಯಾ, ಜಮೈಕಾ ಮೂಲದ ಮನೆಗಳಿಂದ ಬಂದವರಿಗೆ ಇದು ಇನ್ನೂ ಹೆಚ್ಚು.

ಗ್ರೀಕ್ ಸಂಘಗಳು ಒಂಬತ್ತು. ಮೊದಲನೆಯದು 1906ರಲ್ಲಿ ಕಾರ್ನೆಲ್‌ನಲ್ಲಿ ಹುಟ್ಟಿದ ಆಲ್ಫಾ ಫೈ ಆಲ್ಫಾ. ಪದವಿ ಮುಗಿದ ಮೇಲೂ ಸೇರಬಹುದು, ಅದಕ್ಕೆ ಪದವೀಧರರ ಶಾಖೆಗಳಿವೆ. ಆದರೆ ಅರ್ಜಿ ಫಾರ್ಮ್ ಕೇಳುತ್ತಾ ಹೋಗುವ ರೂಢಿ ಅಲ್ಲಿಲ್ಲ, "ನನಗೆ ಸೇರಬೇಕು" ಎಂದು ಸಾರಿಕೊಂಡು ತಿರುಗುವುದನ್ನು ಯಾರೂ ಮೆಚ್ಚುವುದಿಲ್ಲ. ಆ ಶಾಖೆಯ ಸಾರ್ವಜನಿಕ ಕಾರ್ಯಕ್ರಮಗಳಲ್ಲಿ ಒಂದೆರಡು ವರ್ಷ ಕೈಜೋಡಿಸಿದರೆ ಸದಸ್ಯರೇ ಗುರುತಿಸುತ್ತಾರೆ. ಸೇರುವ ಖರ್ಚು ಸಾವಿರ ಡಾಲರ್ ದಾಟುವುದು ಅಪರೂಪವಲ್ಲ, ಸದಸ್ಯತ್ವ ಜೀವನಪೂರ್ತಿ. ವಿದ್ಯಾಸಾಲ ಇನ್ನೂ ಬಾಕಿಯಿರುವವರು ಅವಸರ ಮಾಡಬಾರದು.

ಚರ್ಚಿಗೆ ಹೋಗುವವರಾದರೆ ದೊಡ್ಡ ಚರ್ಚಿನ ಭಾನುವಾರದ ಆರಾಧನೆ ಸಾಲದು, ಸಾವಿರಾರು ಜನರ ನಡುವೆ ಕಳೆದುಹೋಗುತ್ತಾರೆ. ಹೊಸ ಸದಸ್ಯರ ತರಗತಿ ಮುಗಿಸಿ ಗಾಯನ ತಂಡವನ್ನೋ ಬಂದವರನ್ನು ಬರಮಾಡಿಕೊಂಡು ಕೂರಿಸುವ ಅಷರ್ ಬೋರ್ಡನ್ನೋ ಸೇರಬೇಕು. ನಂಬಿಕೆ ಇಲ್ಲದವರಿಗೆ ಸುಲಭದ ಬಾಗಿಲು ಓಟದ ಗುಂಪುಗಳು. ಬ್ಲ್ಯಾಕ್ ಗರ್ಲ್ಸ್ ರನ್ 2009ರಲ್ಲಿ ಶುರುವಾಯಿತು, ಬ್ಲ್ಯಾಕ್ ಮೆನ್ ರನ್ 2013ರಲ್ಲಿ, ಇದೇ ಊರಲ್ಲಿ. ಅಲ್ಲಿ ಯಾವ ಕಾಲೇಜು ಎಂದು ಯಾರೂ ಕೇಳುವುದಿಲ್ಲ.

ಪ್ರತಿಮಾ ಕೆ.
ಸುಮಾ, ಕಂಪನಿಯ ಪಾಲಿನ ಕೆಲಸವನ್ನೂ ಬರೆಯಿರಿ. ಬ್ಲ್ಯಾಕ್ ಉದ್ಯೋಗಿಗಳ ಬಳಗಗಳು 1970ರ ಹೊತ್ತಿಗೆ ಜೆರಾಕ್ಸ್ ಕಂಪನಿಯಲ್ಲಿ ಹುಟ್ಟಿದ್ದೇ ಬಡ್ತಿ, ಸಂಬಳದ ತಾರತಮ್ಯ ಪ್ರಶ್ನಿಸಲು. ಈಗ ಎಷ್ಟೋ ಕಡೆ ಅವು ಬ್ಲ್ಯಾಕ್ ಇತಿಹಾಸ ಮಾಸವಾದ ಫೆಬ್ರುವರಿಯ ಊಟಕ್ಕೆ ಇಳಿದಿವೆ. ತಂಡದಲ್ಲಿ ಇರುವ ಒಬ್ಬನೇ ಬ್ಲ್ಯಾಕ್ ಎಂಜಿನಿಯರನ್ನು ಪ್ರತಿ ಕ್ಯಾಂಪಸ್ ನೇಮಕಾತಿಗೂ, ಪ್ರತಿ ಫೋಟೋಗೂ ಕರೆದರೆ ಅವನ ಸ್ವಂತ ಕೆಲಸ ಹಿಂದೆ ಬೀಳುತ್ತದೆ, ವರ್ಷಾಂತ್ಯದ ಮೌಲ್ಯಮಾಪನದಲ್ಲಿ ಅದರ ಹೊಡೆತವೂ ಅವನಿಗೇ. ಆ ಗಂಟೆಗಳನ್ನು ಗುರಿಪಟ್ಟಿಯಲ್ಲಿ ಲಿಖಿತವಾಗಿ ಸೇರಿಸಿ, ಮ್ಯಾನೇಜರ್ ಸಹಿ ಇರಲಿ.

ಆಪ್ತಸಮಾಲೋಚನೆಯ ಬಗ್ಗೆ ಒಂದು ಮಾತು. ಕಂಪನಿ ಕೊಡುವ ಉಚಿತ ಭೇಟಿಗಳು ಕೆಲವೇ. ಅವು ಮುಗಿದ ಮೇಲೆ ಹೊಸ ಸಮಾಲೋಚಕರ ಮುಂದೆ ಮೊದಲಿನಿಂದ ಎಲ್ಲ ಹೇಳಬೇಕಾಗಿ ಬಂದಾಗ ಬಹಳ ಜನ ನಿಲ್ಲಿಸಿಬಿಡುತ್ತಾರೆ. ಅದಕ್ಕೇ ಮೊದಲ ಫೋನ್ ಕರೆಯಲ್ಲೇ "ಉಚಿತ ಭೇಟಿ ಮುಗಿದ ಮೇಲೆ ನನ್ನ ವಿಮೆಯಲ್ಲೂ ನಿಮ್ಮ ಹತ್ತಿರವೇ ಬರಬಹುದೇ?" ಎಂದು ಕೇಳಲು ಹೇಳಿ. ಥೆರಪಿ ಫಾರ್ ಬ್ಲ್ಯಾಕ್ ಗರ್ಲ್ಸ್‌ನ ಡೈರೆಕ್ಟರಿಯಲ್ಲಿ ಹುಡುಕಿದರೆ ಬ್ಲ್ಯಾಕ್ ಮಹಿಳೆಯರ ಅನುಭವ ಬಲ್ಲ ಚಿಕಿತ್ಸಕರು ಸಿಗುತ್ತಾರೆ.