ಅಡಿಕೆ ಧಾರಣೆಗೆ ಒಂದು ಪುಟ ಮಾಡಬೇಕು, ಪಿಎಚ್‌ಪಿ ಕಲಿಯುವುದು ಎಲ್ಲಿಂದ?

ಬದಿಯಡ್ಕದವಳು:

ನಮಸ್ಕಾರ. ಪ್ರೋಗ್ರಾಮಿಂಗಿನ ಗಂಧಗಾಳಿ ಇಲ್ಲದವಳು ಅಂತ ಮೊದಲೇ ಹೇಳಿಬಿಡ್ತೇನೆ. ಕಾಸರಗೋಡಿನ ಬದಿಯಡ್ಕದ ಒಂದು ಅಡಿಕೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಬಾಗಿಲು ತೆಗೆದ ಕೂಡಲೇ ಒಂದೊಂದು ಬಗೆ ಅಡಿಕೆಯ ಧಾರಣೆ ಕೇಳಿ ಫೋನು ಶುರು. ಹೊಸತಕ್ಕೆ ಎಷ್ಟು, ಸಿಂಗಲ್ ಚೋಲಿಗೆ ಎಷ್ಟು, ಪಟೋರ ತಗೊಳ್ತೀರಾ ಇಲ್ವಾ? ವಾಟ್ಸಾಪಿನಲ್ಲಿ ಹಾಕಿಯೂ ಪ್ರಯೋಜನ ಇಲ್ಲ. ಮಧ್ಯಾಹ್ನ ಧಾರಣೆ ಬದಲಾದರೂ ಬೆಳಗ್ಗಿನ ಮೆಸೇಜೇ ಊರಿಡೀ ಫಾರ್ವರ್ಡ್ ಆಗ್ತಾ ಇರ್ತದೆ. ನಾನು ಒಂದು ಕಡೆ ಬದಲಿಸಿದರೆ ಎಲ್ಲರಿಗೂ ಅದೇ ಕಾಣುವ ಹಾಗೆ ಒಂದು ಪುಟ ಬೇಕು.

ಎಚ್‌ಟಿಎಂಎಲ್ ಸ್ವಲ್ಪ ಕಲಿತೆ. ಪಿಎಚ್‌ಪಿ ಬೇಕು ಅಂತ ಯಾರೋ ಹೇಳಿದರು, ಒಂದು ವೀಡಿಯೊ ನೋಡಿ ರೇಟ್.ಎಚ್‌ಟಿಎಂಎಲ್ ಅನ್ನುವ ಫೈಲಿನೊಳಗೆ ಎಕೋ (ಪುಟದಲ್ಲಿ ಇದನ್ನು ತೋರಿಸು ಅಂತ ಹೇಳುವ ಪಿಎಚ್‌ಪಿ ಮಾತು) ಬರೆದೆ. ಡಬಲ್ ಕ್ಲಿಕ್ ಮಾಡಿದರೆ "ಇಂದಿನ ಧಾರಣೆ" ಅನ್ನುವ ತಲೆಬರಹ ಬರ್ತದೆ, ಅದರ ಕೆಳಗೆ ಖಾಲಿ. ಎರರ್ ಸಹ ಇಲ್ಲ. ತಮ್ಮನ ಹಳೆ ಲ್ಯಾಪ್‌ಟಾಪ್, ಶಾಲೆಯ ಐಟಿ ಪಾಠಕ್ಕೆ ಅಂತ ಹಾಕಿಸಿದ ಉಬುಂಟು ಅದರಲ್ಲುಂಟು. ಹತ್ತನೇವರೆಗೆ ನಾನು ಕನ್ನಡ ಮೀಡಿಯಂ, ಇಂಗ್ಲಿಷ್ ಅಷ್ಟಕ್ಕಷ್ಟೆ. ಪಿಎಚ್‌ಪಿಯ ಕಾಲ ಮುಗಿಯಿತು ಅಂತಲೂ ಕೆಲವರು ಹೇಳ್ತಾರೆ. ಹೌದಾ?

ಉಪ್ಪಳ ಬಾಯ್:

ಪಿಎಚ್‌ಪಿ ಬಿಡಿ ಅಕ್ಕ. ಜಾವಾಸ್ಕ್ರಿಪ್ಟ್ ಕಲಿತು ನೇರ ಅದರಲ್ಲೇ ಪುಟ ಕಟ್ಟುವ ರಿಯಾಕ್ಟ್‌ಗೆ ಹೋಗಿ, ಕೆಲಸವೂ ಸಿಗ್ತದೆ.

ಮುಳ್ಳೇರಿಯದಣ್ಣ:

ಅವರು ಕೇಳಿದ್ದು ಕೆಲಸ ಅಲ್ಲ ಮಾರಾಯ, ಧಾರಣೆಯ ಪುಟ. ಆರು ಬಗೆ ಅಡಿಕೆಯ ರೇಟು ತೋರಿಸಲಿಕ್ಕೆ ರಿಯಾಕ್ಟ್ ಹಿಡಿದರೆ ಇವರ ಪುಟ ತಯಾರಾಗುವಾಗ ಮುಂದಿನ ವರ್ಷದ ಕೊಯ್ಲು ಬಂದಿರ್ತದೆ.

ತಂಗಿ, ಮೊದಲು ಆ ಖಾಲಿ ಜಾಗದ ವಿಷಯ. ಇದೊಂದು ಅರ್ಥ ಆದರೆ ಉಳಿದದ್ದು ಸುಲಭ. ಬ್ರೌಸರಿಗೆ ಪಿಎಚ್‌ಪಿ ಗೊತ್ತಿಲ್ಲ, ಅದಕ್ಕೆ ತಿಳಿಯುವುದು ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಮಾತ್ರ. ನೀವು ಬರೆದ ಪಿಎಚ್‌ಪಿ ತುಂಡನ್ನು ಅದು ಕಮೆಂಟ್ ಅಂತ ಎಣಿಸಿ ಅಡಗಿಸಿಟ್ಟಿದೆ. ಆ ಪುಟ ತೆರೆದಿರುವಾಗ ಕಂಟ್ರೋಲ್ ಒತ್ತಿ ಯು ಒತ್ತಿ, ನೀವು ಬರೆದ ಎಕೋ ಹಾಗೇ ಕೂತಿರ್ತದೆ. ಪಿಎಚ್‌ಪಿ ನಡೆಯುವುದು ಸರ್ವರಿನಲ್ಲಿ, ಅಂದರೆ ಬ್ರೌಸರ್ ಕೇಳಿದ ಪುಟವನ್ನು ಕಳಿಸಿಕೊಡುವ ಕಡೆಯಲ್ಲಿ. ಅಲ್ಲಿ ಎಕೋ ಮಾಡಿದ್ದು ಎಚ್‌ಟಿಎಂಎಲ್ ಆಗಿ ಬ್ರೌಸರಿಗೆ ಬರ್ತದೆ. ಸರಿಯಾಗಿ ನಡೆದರೆ ಕಂಟ್ರೋಲ್ ಯು ಒತ್ತಿದರೂ ಪಿಎಚ್‌ಪಿಯ ಒಂದಕ್ಷರ ಕಾಣಬಾರದು. ಪರೀಕ್ಷೆಗೆ ಅಷ್ಟು ಸಾಕು.

ಸರ್ವರ್ ಅಂದರೆ ಹೆದರಬೇಡಿ. ಝಾಂಪ್ (ಸರ್ವರ್, ಪಿಎಚ್‌ಪಿ, ಡೇಟಾಬೇಸ್ ಎಲ್ಲ ಒಟ್ಟಿಗೆ ಬರುವ ಕಟ್ಟು) ಹಾಕಿ ಅಂತ ಎಲ್ಲ ವೀಡಿಯೊದಲ್ಲಿ ಹೇಳ್ತಾರೆ, ನಿಮಗೆ ಈಗ ಅದು ಬೇಡ. ಉಬುಂಟುವಿನ ಟರ್ಮಿನಲ್‌ನಲ್ಲಿ ಸೂಡೋ ಆಪ್ಟ್ ಇನ್‌ಸ್ಟಾಲ್ ಪಿಎಚ್‌ಪಿ ಕೊಡಿ. ಫೈಲಿನ ಹೆಸರು ರೇಟ್.ಪಿಎಚ್‌ಪಿ ಮಾಡಿ. ಅದು ಇರುವ ಫೋಲ್ಡರಿಗೆ ಹೋಗಿ, ಪಿಎಚ್‌ಪಿ ಅಂತ ಬರೆದು, ಜಾಗ ಬಿಟ್ಟು, ಅಡ್ಡಗೀಟು ಹಾಕಿ ದೊಡ್ಡ ಎಸ್, ಮತ್ತೆ ಜಾಗ ಬಿಟ್ಟು ಲೋಕಲ್‌ಹೋಸ್ಟ್, ಕೋಲನ್, 8000. 2012ರ 5.4 ಆವೃತ್ತಿಯಿಂದಲೇ ಈ ಪುಟ್ಟ ಸರ್ವರ್ ಪಿಎಚ್‌ಪಿಯ ಹೊಟ್ಟೆಯೊಳಗೇ ಉಂಟು. ಇನ್ನು ಡಬಲ್ ಕ್ಲಿಕ್ ಇಲ್ಲ, ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ಕೋಲನ್ 8000, ಓರೆಗೆರೆ, ರೇಟ್.ಪಿಎಚ್‌ಪಿ ಅಂತ ಟೈಪ್ ಮಾಡಿಯೇ ತೆರೆಯಬೇಕು. (ಇದನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು, ನಾನು ಮೊಬೈಲಿನ ಕನ್ನಡ ಕೀಬೋರ್ಡಿನಲ್ಲಿ ಬರೀತಾ ಇದ್ದೇನೆ.)

ಕಾಲ ಮುಗಿಯಿತು ಅಂತ ಹೇಳುವವರು ದಿನಾ ಓದುವ ವಿಕಿಪೀಡಿಯ ನಿಂತದ್ದು ಮೀಡಿಯಾವಿಕಿಯ ಮೇಲೆ, ಮೀಡಿಯಾವಿಕಿ ಬರೆದದ್ದು ಪಿಎಚ್‌ಪಿಯಲ್ಲಿ. ಕನ್ನಡ ವಿಕಿಪೀಡಿಯವೂ ಹಾಗೇ, 2016ರಲ್ಲಿ ಬಂದ ನಮ್ಮ ತುಳು ವಿಕಿಪೀಡಿಯವೂ ಹಾಗೇ. ವರ್ಡ್‌ಪ್ರೆಸ್ ಸಹ ಅದೇ. ನಿಮಗೆ ಮುಖ್ಯವಾದ್ದು ಇನ್ನೊಂದು: ಕಡಿಮೆ ದುಡ್ಡಿನ ಹೋಸ್ಟಿಂಗ್ (ಪುಟವನ್ನು ನೆಟ್ಟಿನಲ್ಲಿಡುವ ಬಾಡಿಗೆ ಜಾಗ) ತಗೊಂಡರೆ ಪಿಎಚ್‌ಪಿ ಸಾಧಾರಣ ಎಲ್ಲ ಕಡೆ ಇದ್ದೇ ಇರ್ತದೆ. ಜಾವಾಸ್ಕ್ರಿಪ್ಟ್ ಮುಂದೆ ಬೇಕಾಗ್ತದೆ, ಕಿಲೋ ಹಾಕಿದ ಕೂಡಲೇ ಒಟ್ಟು ಎಷ್ಟು ಅಂತ ಅಲ್ಲೇ ತೋರಿಸಲಿಕ್ಕೆ. ಅವಸರ ಇಲ್ಲ.

ಮಲಯಾಳ ಕೇಳಿದರೆ ಅರ್ಥ ಆಗ್ತದಲ್ಲ? ಮಲಯಾಳದ ಪಾಠಗಳು ಯೂಟ್ಯೂಬಿನಲ್ಲಿ ಬೇಕಾದಷ್ಟುಂಟು, ಅದನ್ನೇ ಕೇಳಿ. ಆದರೆ ಯಾವ ಭಾಷೆಯದ್ದಾದರೂ ವೀಡಿಯೊದ ವರ್ಷ ನೋಡಿ. ಮೈಎಸ್‌ಕ್ಯುಎಲ್ ಅಂಡರ್‌ಸ್ಕೋರ್ ಕನೆಕ್ಟ್ (ಡೇಟಾಬೇಸಿಗೆ ಜೋಡಿಸುವ ಹಳೆ ಫಂಕ್ಷನ್) ಅಂತ ಬರೆಸಿದರೆ ಅಲ್ಲೇ ಬಂದ್ ಮಾಡಿ. 2015ರ ಡಿಸೆಂಬರಿನಲ್ಲಿ ಬಂದ ಪಿಎಚ್‌ಪಿ 7ರಲ್ಲೇ ಅದನ್ನು ತೆಗೆದುಹಾಕಿದ್ದಾರೆ, ಈಗ ಇರುವುದು ಪಿಡಿಒ ಮತ್ತು ಮೈಎಸ್‌ಕ್ಯುಎಲ್‌ಐ. ಹೊಸಬರ ಮಂಡೆಬಿಸಿಯಲ್ಲಿ ಅರ್ಧ ಇಂಥ ಹಳೆ ಪಾಠಗಳಿಂದ ಬರುವುದು.

ಎರರ್ ಬಂದರೆ ಸಾಲಿನ ನಂಬರ್ ನೋಡಿ, ಆದರೆ ಅದರ ಮೇಲಿನ ಸಾಲನ್ನೂ ನೋಡಿ. ಐದನೇ ಸಾಲಿನ ಸೆಮಿಕೋಲನ್ ಬಿಟ್ಟರೆ ಅದು ದೂರುವುದು ಆರನೆಯದನ್ನು.

ಡೇಟಾಬೇಸ್ ಈಗ ಬೇಡವೇ ಬೇಡ. ಹೆಸರು ಮತ್ತು ಧಾರಣೆಯ ಒಂದು ಅರೇ, ಅಂದರೆ ಪಟ್ಟಿ, ಮಾಡಿ; ಪಟ್ಟಿಯ ಒಂದೊಂದನ್ನೇ ತೆಗೆಯುವ ಫೋರೀಚ್ ಹಾಕಿ ಟೇಬಲ್ ಬರಿಸಿ. ಅಷ್ಟಾದ ಮೇಲೆ ಬನ್ನಿ.

ಬದಿಯಡ್ಕದವಳು:

ಅಣ್ಣ, ಬಂತು! ಕಂಟ್ರೋಲ್ ಯು ಒತ್ತಿಯೂ ನೋಡಿದೆ, ಬರೇ ಟೇಬಲ್ ಮಾತ್ರ ಉಂಟು. ಫಾರ್ಮ್ ಸಹ ಮಾಡಿದೆ, ಹೊಸ ಬಗೆಯ ಹೆಸರು ಸೇರಿಸಲಿಕ್ಕೆ. ಯಾರಾದರೂ ಉದ್ದಕ್ಕೆ ಬರೆದು ಟೇಬಲ್ ಹಾಳು ಮಾಡಬಾರದು ಅಂತ ಸ್ಟ್ರ್‌ಲೆನ್ (ಉದ್ದ ಎಣಿಸುವ ಫಂಕ್ಷನ್) 20ಕ್ಕಿಂತ ಜಾಸ್ತಿ ಇದ್ದರೆ ಬೇಡ ಅಂತ ಹಾಕಿದೆ. ಈಗ ವಿಚಿತ್ರ ನೋಡಿ, ಪಟೋರ ತಗೊಳ್ತದೆ, ಕರಿಗೋಟು ತಗೊಳ್ಳುವುದಿಲ್ಲ. ನಾಲ್ಕೇ ಅಕ್ಷರ ಅಲ್ವಾ ಅದು?

ಉಪ್ಪಳ ಬಾಯ್:

ಇದು ನಾನು ಹೇಳ್ತೇನೆ. ಸ್ಟ್ರ್‌ಲೆನ್ ಎಣಿಸುವುದು ಅಕ್ಷರ ಅಲ್ಲ, ಬೈಟ್, ಅಂದರೆ ಕಂಪ್ಯೂಟರಿನಲ್ಲಿ ಅದು ಹಿಡಿಯುವ ಜಾಗದ ಲೆಕ್ಕ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್ ಮಾಡಿ ಇಡುವ ಕ್ರಮ) ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್, ಇಳಿ, ಕೊಂಬು, ಓತ್ವ ಎಲ್ಲ ಬೇರೆ ಬೇರೆ ಲೆಕ್ಕ. ಕರಿಗೋಟು ಅಂದರೆ ಕ, ರ, ಅದರ ಗುಡಿಸು, ಗ, ಅದರ ಓತ್ವ, ಟ, ಅದರ ಕೊಂಬು. ಏಳಾಯಿತು, ಏಳು ಮೂರ್ಲೆ 21. ನಿಮ್ಮ ಗಡಿ 20. ಪಟೋರ ನಾಲ್ಕೇ ಚಿಹ್ನೆ, 12ರಲ್ಲಿ ಮುಗೀತು. ಸಿಂಗಲ್ ಚೋಲು ಹಾಕಿದರೆ 31 ಬರ್ತದೆ.

ಸ್ಟ್ರ್‌ಲೆನ್ ಬದಲು ಎಂಬಿ ಅಂಡರ್‌ಸ್ಕೋರ್ ಸ್ಟ್ರ್‌ಲೆನ್ ಹಾಕಿ, ಕರಿಗೋಟಿಗೆ 7 ಕೊಡ್ತದೆ. ಅಂಥ ಫಂಕ್ಷನ್ನೇ ಇಲ್ಲ ಅಂತ ಹೇಳಿದರೆ ಉಬುಂಟುವಿನಲ್ಲಿ ಪಿಎಚ್‌ಪಿ-ಎಂಬಿಸ್ಟ್ರಿಂಗ್ ಬೇರೆ ಇನ್‌ಸ್ಟಾಲ್ ಮಾಡ್ಲಿಕ್ಕುಂಟು, ಮಾಡಿ ಆ ಸರ್ವರನ್ನು ನಿಲ್ಲಿಸಿ ಪುನಃ ಶುರು ಮಾಡಿ.

ಮುಳ್ಳೇರಿಯದಣ್ಣ:

ಅಷ್ಟೇ, ಸರಿ ಹೇಳಿದ. ರಿಯಾಕ್ಟ್ ಹೇಳಿದ್ದು ಮಾಫಿ.

ತಂಗಿ, ನೆಟ್ಟಿಗೆ ಏರಿಸುವ ಮೊದಲು ಎರಡು ಕೆಲಸ. ಫಾರ್ಮಿನಿಂದ ಬಂದ ಯಾವುದನ್ನೂ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ (ಎಚ್‌ಟಿಎಂಎಲ್ ಚಿಹ್ನೆಗಳನ್ನು ಬರೇ ಅಕ್ಷರವಾಗಿ ಮಾಡುವ ಫಂಕ್ಷನ್) ಹಾಕದೆ ಎಕೋ ಮಾಡಬೇಡಿ, ಇಲ್ಲದಿದ್ದರೆ ಯಾರಾದರೂ ಹೆಸರಿನ ಜಾಗದಲ್ಲಿ ಸ್ಕ್ರಿಪ್ಟ್ ತುರುಕಿಸಿ ತಮಾಷೆ ನೋಡ್ತಾರೆ. ಮತ್ತೆ ಆ ಫಾರ್ಮಿಗೆ ಪಾಸ್‌ವರ್ಡ್ ಬೇಕು. ವಿಳಾಸ ಗೊತ್ತಿದ್ದವರೆಲ್ಲ ಧಾರಣೆ ಬದಲಿಸುವ ಹಾಗಾದರೆ ಅಂಗಡಿಯವರಿಗೆ ಉತ್ತರ ಕೊಡಬೇಕಾದವರು ನೀವೇ. ಪಾಸ್‌ವರ್ಡನ್ನು ಫೈಲಿನಲ್ಲಿ ಹಾಗೇ ಬರೆದಿಡಬೇಡಿ. ಪಾಸ್‌ವರ್ಡ್ ಅಂಡರ್‌ಸ್ಕೋರ್ ಹ್ಯಾಶ್, ಪಾಸ್‌ವರ್ಡ್ ಅಂಡರ್‌ಸ್ಕೋರ್ ವೆರಿಫೈ ಅಂತ ಎರಡು ಫಂಕ್ಷನ್ ಉಂಟು. ಮೊದಲನೆಯದು ಪಾಸ್‌ವರ್ಡನ್ನು ಓದಲಾಗದ ಹ್ಯಾಶ್ ಮಾಡಿ ಕೊಡ್ತದೆ, ಅದನ್ನು ಇಟ್ಟುಕೊಳ್ಳುವುದು, ಎರಡನೆಯದರಲ್ಲಿ ತಾಳೆ ನೋಡುವುದು. ಬರೆದು ಇಲ್ಲಿ ಹಾಕಿ, ನೋಡುವ. ಹ್ಯಾಶ್ ಇರುವ ಸಾಲು ಮಾತ್ರ ಬಿಟ್ಟು ಉಳಿದದ್ದು ಹಾಕಿ.