ಬಾತ್‌ಗೆ ಒಂದೇ ದಿನ: ರೋಮನ್ ಬಾತ್ಸ್ ನೋಡೋದಾ, ಬಿಸಿನೀರಿಗೆ ಇಳಿಯೋದಾ?

ಹೌನ್ಸ್ಲೋ_ಹುಡುಗಿ:

ಎಲ್ರಿಗೂ ನಮಸ್ಕಾರ. ನಾವು ಐದು ಜನ ಫ್ರೆಂಡ್ಸ್ ಮುಂದಿನ ಶನಿವಾರ ಲಂಡನ್‌ನಿಂದ ಬಾತ್ ಅನ್ನೋ ಊರಿಗೆ ಹೋಗಿ ಅವತ್ತೇ ರಾತ್ರಿ ವಾಪಸ್ ಬರೋಣ ಅಂತಿದೀವಿ. ನಮ್ಮಲ್ಲಿ ಒಬ್ಬಳದು ಕೋರ್ಸ್ ಮುಗೀತು, ಮುಂದಿನ ತಿಂಗಳು ಬೆಂಗಳೂರಿಗೆ ಹೊರಟ್ಬಿಡ್ತಾಳೆ, ಅಂದ್ರೆ ಐದೂ ಜನ ಒಟ್ಟಿಗೆ ಹೋಗೋ ಕೊನೇ ಟ್ರಿಪ್ ಇದು, ಚೆನ್ನಾಗಿ ಆಗ್ಲಿ ಅಂತ ತುಂಬಾ ಆಸೆ ಇದೆ. ಹೊರಡ್ತಿರೋ ಅವಳಿಗೆ ಭೂಮಿಯಿಂದ ತಾನಾಗೇ ಬಿಸಿಯಾಗಿ ಬರೋ ನೀರಲ್ಲಿ ಒಂದ್ಸಲ ಇಳೀಬೇಕು ಅಂತ, ಉಳಿದವರಿಗೆ ರೋಮನ್ ಬಾತ್ಸ್, ಅಂದ್ರೆ ರೋಮನ್ನರು ಬಿಸಿನೀರ ಬುಗ್ಗೆ ಹತ್ರ ಕಟ್ಟಿದ ಹಳೇ ಸ್ನಾನಗೃಹ ನೋಡ್ಬೇಕು, ಆದ್ರೆ ಅಲ್ಲಿ ನೀರು ಮುಟ್ಟೋಕೂ ಬಿಡಲ್ವಂತೆ ಹೌದಾ? ಹಾಗಿದ್ರೆ ಅಷ್ಟು ದುಡ್ಡು ಕೊಟ್ಟು ಒಳಗೆ ಹೋಗೋದು ಸಾರ್ಥಕನಾ? ಎರಡೂ ಒಂದೇ ದಿನದಲ್ಲಿ ಆಗತ್ತಾ? ಇಬ್ರು ಮೊಟ್ಟೆನೂ ತಿನ್ನಲ್ಲ, ಊಟದ ಬಗ್ಗೆನೂ ಹೇಳಿ ಪ್ಲೀಸ್.

ಬ್ರಿಸ್ಟಲ್‌ವಾಸಿ:

ಆಗತ್ತೆ, ಧಾರಾಳವಾಗಿ ಆಗತ್ತೆ, ಬೇಗ ಹೊರಡ್ಬೇಕು ಅಷ್ಟೇ. ನಾನು ಪಕ್ಕದ ಊರಲ್ಲೇ ಇರೋದು, ಟ್ರೇನಲ್ಲಿ ಕಾಲು ಗಂಟೆ, ಊರಿಂದ ಯಾರೇ ಬಂದ್ರೂ ಕರ್ಕೊಂಡು ಹೋಗೋ ಮೊದಲ ಜಾಗ ಬಾತೇ.

ಪ್ಯಾಡಿಂಗ್ಟನ್‌ನಿಂದ ನೇರ ಟ್ರೇನ್ ಇದೆ, ಒಂದೂವರೆ ಗಂಟೆ ಒಳಗೇ ತಲುಪ್ತೀರ. ಐದು ಜನ ಇರೋದ್ರಿಂದ ಗ್ರೂಪ್‌ಸೇವ್ ತಗೊಳ್ಳಿ, ಮೂರರಿಂದ ಒಂಬತ್ತು ಜನ ಒಟ್ಟಿಗೆ ಹೋದ್ರೆ ಆಫ್‌ಪೀಕ್ (ರಶ್ ಇಲ್ಲದ ಹೊತ್ತಿನ) ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಕಮ್ಮಿ ಆಗತ್ತೆ, ಅದಕ್ಕೆ ಕಾರ್ಡ್ ಗೀರ್ಡ್ ಏನೂ ಬೇಡ. ಸ್ಟೇಷನ್‌ನಿಂದ ರೋಮನ್ ಬಾತ್ಸ್‌ಗೆ ಹತ್ತು ನಿಮಿಷದ ನಡಿಗೆ ಕೂಡ ಇಲ್ಲ, ಕಾರ್ ತರೋ ಯೋಚನೆ ಇದ್ರೆ ಬಿಟ್ಬಿಡಿ, ಪಾರ್ಕಿಂಗ್ ಹುಡುಕೋದ್ರಲ್ಲೇ ಅರ್ಧ ದಿನ ಹೋಗತ್ತೆ.

ನೀರು ಮುಟ್ಟಬಾರದು ಅನ್ನೋದು ನಿಜ, ಅದಕ್ಕೆ ಕಾರಣಾನೂ ಇದೆ. 1978ರಲ್ಲಿ ಅಲ್ಲಿಯ ನೀರಲ್ಲಿ ಈಜಿದ ಒಬ್ಬ ಹುಡುಗಿ ಮಿದುಳಿಗೆ ಹತ್ತೋ ಅಮೀಬಾ ಸೋಂಕಿನಿಂದ ತೀರಿಕೊಂಡ್ಲು, ಆಮೇಲೆ ಊರಲ್ಲಿ ಬಿಸಿನೀರಿನ ಸ್ನಾನಾನೇ ನಿಂತುಹೋಯ್ತು. ಮತ್ತೆ ಹೊಸದಾಗಿ ಆಳದ ಬೋರ್ ಕೊರೆದು, ಶುದ್ಧ ಮಾಡಿದ ನೀರಿನ ಹೊಸ ಸ್ಪಾ ಓಪನ್ ಆಗಿದ್ದು 2006ರಲ್ಲಿ, ಅದೇ ಥರ್ಮೇ ಬಾತ್ ಸ್ಪಾ. ನಿಮ್ಮ ಫ್ರೆಂಡ್‌ಗೆ ಬೇಕಾಗಿರೋದು ಅದು. ನೀರನ್ನ ಮೈಗೆ ಹಿತ ಆಗೋ ಅಷ್ಟಕ್ಕೆ ತಣಿಸಿ ಬಿಡ್ತಾರೆ, ಮೇಲೆ ತಾರಸಿಯಲ್ಲಿ ಒಂದು ಕೊಳ ಇದೆ, ಅಲ್ಲಿಂದ ಬಾತ್ ಆ್ಯಬಿ ಅನ್ನೋ ಹಳೇ ಚರ್ಚಿನ ಗೋಪುರ ಕಾಣ್ಸತ್ತೆ. ಸಾಮಾನ್ಯವಾಗಿ ಎರಡು ಗಂಟೆಯ ಸೆಷನ್. ಅದನ್ನ ಸಂಜೆಗೆ ಇಟ್ಕೊಳ್ಳಿ, ದಿನವಿಡೀ ನಡೆದ ಕಾಲಿಗೆ ಆಗ ಹೋದ್ರೇನೇ ಸುಖ, ಕತ್ತಲಾಗ್ತಾ ಇರುವಾಗ ನೀರಿಂದ ಹಬೆ ಏಳೋದು ನೋಡ್ಬೇಕು ನೀವು. ಶನಿವಾರ ರಶ್ ಇರತ್ತೆ, ಮೊದಲೇ ಬುಕ್ ಮಾಡಿ.

ಊಟಕ್ಕೆ ಎಲ್ರೂ ಸ್ಯಾಲಿ ಲನ್ ಬನ್ ಹೇಳ್ತಾರೆ, ದೊಡ್ಡದಾಗಿ ಮೆತ್ತಗೆ ಚೆನ್ನಾಗಿರತ್ತೆ, ಆದ್ರೆ ಅದರ ಹಿಟ್ಟಿಗೇ ಮೊಟ್ಟೆ ಹಾಕ್ತಾರೆ, ಹಾಗಾಗಿ ನಿಮ್ಮ ಇಬ್ರು ಅದನ್ನ ತಿನ್ನೋಕಾಗಲ್ಲ. ಚಪಾತಿ ಪಲ್ಯ ಕಟ್ಕೊಂಡು ಬಂದ್ರೆ ರಾಯಲ್ ಕ್ರೆಸೆಂಟ್ ಅನ್ನೋ ಹಳೇ ಮನೆಸಾಲಿನ ಮುಂದಿನ ಹುಲ್ಲುಹಾಸಲ್ಲಿ ಕೂತು ತಿನ್ನಬಹುದು, ನಾವು ಯಾವಾಗ್ಲೂ ಹಾಗೇ ಮಾಡೋದು.

ಪುತ್ತೂರ್ದ_ಪೊಣ್ಣು:

ಮೇಲಿನವರು ಸ್ಪಾ ಬಗ್ಗೆ ಎಲ್ಲ ಹೇಳಿದ್ದಾರೆ, ಆದರೆ ರೋಮನ್ ಬಾತ್ಸ್ ಸಾರ್ಥಕವಾ ಅಂತ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಬರ್ಲಿಲ್ಲ. ಸಾರ್ಥಕ! ದಯವಿಟ್ಟು ಬಿಡಬೇಡಿ.

ದಿನಕ್ಕೆ ಸುಮಾರು 11 ಲಕ್ಷ 70 ಸಾವಿರ ಲೀಟರ್ ನೀರು, 46 ಡಿಗ್ರಿ ಬಿಸಿಯಲ್ಲಿ, ಯಾರೂ ಪಂಪ್ ಹಾಕದೆ ತಾನಾಗಿ ಮೇಲೆ ಬರ್ತದೆ. ಸಾವಿರಾರು ವರ್ಷದ ಹಿಂದೆ ಮೆಂಡಿಪ್ ಬೆಟ್ಟದ ಮೇಲೆ ಬಿದ್ದ ಮಳೆ, ಭೂಮಿಯ ಆಳಕ್ಕೆ ಇಳಿದು ಕಾದು ಈಗ ಮೇಲೆ ಬರ್ತಾ ಇರುವುದು. ದೊಡ್ಡ ಕೊಳದ ತಳಕ್ಕೆ ರೋಮನ್ನರು ಹಾಸಿದ ಸೀಸದ ತಗಡು ಇವತ್ತಿಗೂ ಹಾಗೇ ಉಂಟು. ನೀರು ಹಸಿರಾಗಿ ಕಾಣುವುದು ಪಾಚಿಯಿಂದ, ರೋಮನ್ನರ ಕಾಲದಲ್ಲಿ ಮೇಲೆ ಮಾಡು (ಚಾವಣಿ) ಇತ್ತು, ಬಿಸಿಲು ಬೀಳ್ತಿರಲಿಲ್ಲ, ಹಾಗಾಗಿ ಪಾಚಿ ಬೆಳೀತಿರಲಿಲ್ಲ. ಸುತ್ತ ಮೇಲೆ ನಿಂತಿರುವ ರೋಮನ್ ಮೂರ್ತಿಗಳನ್ನು ನೋಡಿ ಹಳೆಯದು ಅಂದ್ಕೊಳ್ಬೇಡಿ, ಅದು ವಿಕ್ಟೋರಿಯಾ ಕಾಲದ್ದು.

ನನಗೆ ಎಲ್ಲಕ್ಕಿಂತ ಮನಸ್ಸಿಗೆ ಹತ್ತಿರ ಆದದ್ದು ಶಾಪದ ತಗಡುಗಳು. ಏನಾದ್ರೂ ಕಳವಾದ್ರೆ ಸಣ್ಣ ಸೀಸದ ತಗಡಲ್ಲಿ ದೂರು ಕೊರೆದು, ಸುರುಳಿ ಸುತ್ತಿ ಸುಲಿಸ್ ಮಿನರ್ವ ದೇವಿಯ ಬುಗ್ಗೆಗೆ ಹಾಕ್ತಿದ್ರು, ಅಂಥದ್ದು 130ರಷ್ಟು ಸಿಕ್ಕಿದೆ. ಡೊಕಿಮೆಡಿಸ್ ಅಂತ ಒಬ್ಬನ ಎರಡು ಕೈಗವಸು ಕಳವಾಗಿದೆ, ಕದ್ದವನ ಬುದ್ಧಿ ಹೋಗಲಿ, ಕಣ್ಣು ಹೋಗಲಿ ಅಂತ ಬರೆಸಿದ್ದಾನೆ. ನಾನು ಅಲ್ಲಿ ತುಂಬ ಹೊತ್ತು ನಿಂತೆ. ನಮ್ಮಲ್ಲಿ ಒಂದು ಬಳೆ ಕಾಣದಿದ್ರೂ ಅಮ್ಮ ತುಳುನಾಡಿನ ದೈವ ಕೊರಗಜ್ಜನಿಗೆ ಹೇಳಿಕೊಳ್ತಾರೆ, ಸಿಕ್ಕಿದ್ರೆ ಚಕ್ಕುಲಿ ವೀಳ್ಯ ಕೊಡ್ತೇನೆ ಅಂತ. ದೊಡ್ಡವರಿಗೆ ದೂರು ಕೊಡ್ಲಿಕ್ಕೆ ಆಗದ ಸಣ್ಣ ನಷ್ಟವನ್ನೂ ಕೇಳುವ ಒಬ್ರು ಬೇಕಲ್ಲ, ಅದು ಅಲ್ಲಿಯೂ ಹಾಗೇ ಇತ್ತು. ಅಮ್ಮನಿಗೆ ಅಲ್ಲಿಂದಲೇ ಫೋನ್ ಮಾಡಿ ಹೇಳಿದೆ, ಅವರಿಗೆ ಸ್ವಲ್ಪವೂ ಆಶ್ಚರ್ಯ ಆಗ್ಲಿಲ್ಲ.

ಮತ್ತೆ ಬಿಸಿನೀರಿನ ಬುಗ್ಗೆ ನಮ್ಮೂರಲ್ಲೂ ಉಂಟು, ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರ್ ತೀರ್ಥ, ತುಳುವಿನಲ್ಲಿ ಬೆಂದ್ರ್ ಅಂದ್ರೆ ಬಿಸಿನೀರು. ಊರಿಗೆ ಹೋಗುವ ನಿಮ್ಮ ಫ್ರೆಂಡ್‌ಗೆ ಹೇಳಿ.

ಧಾರವಾಡ_ಮಂದಿ:

ಎಲ್ಲಾರೂ ನೀರಿನ ಹಿಂದನ ಬಿದ್ದೀರಿ, ಆಕಾಶದ ಬಗ್ಗೆ ಯಾರೂ ಹೇಳವಲ್ರಲ್ಲ. ನ್ಯೂ ಕಿಂಗ್ ಸ್ಟ್ರೀಟ್ 19ನೇ ನಂಬರ್ ಮನಿಗೆ ಹೋಗ್ರಿ, ಸ್ಪಾದಿಂದ ದೂರಿಲ್ಲ. ವಿಲಿಯಂ ಹರ್ಷೆಲ್ ಅಂತ, ಚರ್ಚಿನ್ಯಾಗ ಆರ್ಗನ್ ಬಾರಸೋ ಸಂಗೀತಗಾರ, ತಾನ ಕನ್ನಡಿ ಉಜ್ಜಿ ದೂರದರ್ಶಕ ಮಾಡಿ, ಆ ಮನಿ ಹಿತ್ತಲದಾಗ ನಿಂತು 1781ರ ಮಾರ್ಚ್ 13ಕ್ಕ ಯುರೇನಸ್ ಕಂಡುಹಿಡದ. ತಂಗಿ ಕ್ಯಾರೊಲಿನ್ ಜೊತಿಗಿದ್ದು ಕೆಲಸಾ ಮಾಡಿದ್ಲು, ಮುಂದ ಆಕಿನೂ ಧೂಮಕೇತು ಹುಡುಕಿದ್ಲು. ಸಣ್ಣ ಮ್ಯೂಸಿಯಂ ಐತ್ರಿ, ಆದ್ರ ಆ ಹಿತ್ತಲದಾಗ ನಿಂತಾಗ ಮೈ ಜುಂ ಅಂತೈತಿ.

ಇನ್ನೊಂದು, ದುಡ್ಡು ಉಳಸಬೇಕಂದ್ರ ಬೆಳಿಗ್ಗಿ ಆ್ಯಬಿ ಮುಂದ ಮೇಯರ್ ಕಡೆ ಗೈಡ್‌ಗೋಳು ಇರ್ತಾರ, ಎರಡು ತಾಸು ಊರು ತೋರಸ್ತಾರ, ಪುಕ್ಕಟೆ, ಟಿಪ್ಸ್ ಕೊಟ್ರೂ ತಗೊಳಂಗಿಲ್ಲ. ಸರ್ಕಸ್ ಅಂತ ದುಂಡಗ ಕಟ್ಟಿದ ಮನಿಸಾಲು, ರಾಯಲ್ ಕ್ರೆಸೆಂಟ್ ಎಲ್ಲಾ ಅದರಾಗ ಆಗ್ತಾವು. ಕ್ರೆಸೆಂಟ್‌ನ್ಯಾಗ 30 ಮನಿ ಒಂದ ಬಿಲ್ಲಿನಂಗ ಬಾಗಿ ನಿಂತಾವ, ಮುಂದ ನೋಡಿದ್ರ ಎಲ್ಲಾ ಒಂದ, ಹಿಂದ ಹೋಗಿ ನೋಡ್ರಿ, ಒಂದಕ್ಕೊಂದು ಸಂಬಂಧಿಲ್ಲ. ಅಪ್ಪ ಸರ್ಕಸ್ ಶುರು ಮಾಡಿದ, ಮಗ ಕ್ರೆಸೆಂಟ್ ಕಟ್ಟಿದ, ಇಬ್ರ ಹೆಸರೂ ಜಾನ್ ವುಡ್.

ಹೌನ್ಸ್ಲೋ_ಹುಡುಗಿ:

ಹೋಗಿ ಬಂದ್ವಿ! ಎಲ್ರಿಗೂ ತುಂಬಾ ಥ್ಯಾಂಕ್ಸ್, ನಿಮ್ಮಿಂದಾನೇ ದಿನ ಇಷ್ಟು ಚೆನ್ನಾಗಾಯ್ತು. ಬೆಳಗ್ಗೆ ಗೈಡ್ ಜೊತೆ ಸುತ್ತಾಟ, ಅರ್ಧ ದಾರಿಗೆ ಮಳೆ ಶುರುವಾಯ್ತು, ಹುಲ್ಲುಹಾಸಲ್ಲಿ ಕೂರೋಕಾಗ್ಲಿಲ್ಲ, ಒಂದು ಮರದ ಕೆಳಗೆ ನಿಂತ್ಕೊಂಡೇ ಚಪಾತಿ ತಿಂದ್ವಿ. ಪಲ್ಟ್ನಿ ಸೇತುವೆ ಮೇಲೆ ಹೋಗ್ತಾ ಎರಡೂ ಕಡೆ ಅಂಗಡಿ ಇರೋದ್ರಿಂದ ಸೇತುವೆ ಅಂತಾನೇ ಗೊತ್ತಾಗ್ಲಿಲ್ಲ, ಕೆಳಗಿಳಿದು ಏವನ್ ಹೊಳೆ ಕಡೆಯಿಂದ ನೋಡಿದಾಗ್ಲೇ ಗೊತ್ತಾಗಿದ್ದು. ಒದ್ದೆಯಾಗಿ ನಡುಗ್ತಾ ಆ್ಯಬಿ ಒಳಗೆ ಹೋದ್ರೆ ಅಲ್ಲಿ ನೆಲದಿಂದ ಬಿಸಿ ಬರತ್ತೆ, ಬುಗ್ಗೆಯಿಂದ ಹರಿದುಹೋಗೋ ನೀರಿನ ಶಾಖದಿಂದಾನೇ ಆ ನೆಲ ಕಾಯಿಸ್ತಾರಂತೆ, ಅದು ಕೇಳಿ ಐದೂ ಜನ ಖುಷಿಯಾಗಿ ಸುಮ್ನೆ ಕೂತ್ವಿ. ಹರ್ಷೆಲ್ ಮನೆಗೆ ಟೈಮ್ ಸಾಲ್ಲಿಲ್ಲ ಸರ್, ಅದಕ್ಕೆ ಇನ್ನೊಂದ್ಸಲ ಹೋಗ್ತೀನಿ.

ರೋಮನ್ ಬಾತ್ಸ್‌ನಲ್ಲಿ ಕೊನೆಗೆ ಬುಗ್ಗೆ ನೀರು ಕುಡಿಯೋಕೆ ಸಿಗತ್ತೆ, ಬೆಚ್ಚಗೆ, ಕಬ್ಬಿಣದ ರುಚಿ, ನಾನು ಒಂದು ಗುಟುಕು, ಊರಿಗೆ ಹೊರಟಿರೋ ಅವಳು ಮಾತ್ರ ಪೂರ್ತಿ ಲೋಟ ಕುಡಿದ್ಲು. ಸಂಜೆ ತಾರಸಿ ಕೊಳದಲ್ಲಿ ಮೈ ಬೆಚ್ಚಗೆ, ತಲೆ ಮೇಲೆ ತಣ್ಣಗೆ ಮಳೆಹನಿ, ಅವಳು ಒಂದು ಮೂಲೆ ಹಿಡ್ಕೊಂಡು ಮಾತೇ ಆಡ್ಲಿಲ್ಲ, ನಾವೂ ಮಾತಾಡಿಸ್ಲಿಲ್ಲ.

ಪುತ್ತೂರಿನವ್ರೇ, ಅವಳು ಊರಿಗೆ ಹೋದ್ಮೇಲೆ ಅಮ್ಮನ್ನ ಕರ್ಕೊಂಡು ಬೆಂದ್ರ್ ತೀರ್ಥಕ್ಕೆ ಹೋಗ್ತಾಳಂತೆ. ಮಳೆಗಾಲ ಮುಗಿದ್ಮೇಲೆ ಹೋದ್ರೆ ಸರಿನಾ, ಪುತ್ತೂರಿಂದ ಬಸ್ ಸಿಗತ್ತಾ ಹೇಳ್ತೀರಾ?