ಸ್ತನದ ಗಂಟು ಮಾತ್ರ ತೆಗೆಸಿದವರು ಇದ್ದೀರಾ? ಮಾರ್ಜಿನ್ ಬಗ್ಗೆ ಅನುಭವ ಹೇಳಿ

ಮಂಡ್ಯದ ಮಗಳು: ಅಮ್ಮನಿಗೆ 54. ಎಡ ಸ್ತನದಲ್ಲಿ 2 ಸೆಂ.ಮೀ. ಗಂಟು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದಿದೆ. ಪೂರ್ತಿ ತೆಗೆಯೋದು ಬೇಡ, ಗಂಟು ಸಾಕು ಅಂತಾರೆ ಮೈಸೂರಿನ ಡಾಕ್ಟರು. ಆದರೆ ಆಪರೇಷನ್ ನಡುವೆಯೇ ತುಂಡನ್ನು ಹೆಪ್ಪುಗಟ್ಟಿಸಿ ನೋಡೋ ಫ್ರೋಜನ್ ಅವರಲ್ಲಿ ಇಲ್ಲ. ಮಾರ್ಜಿನ್, ಅಂದ್ರೆ ತೆಗೆದ ತುಂಡಿನ ಅಂಚಲ್ಲಿ ಕ್ಯಾನ್ಸರ್ ಇದೆಯಾ ಅನ್ನೋದು, ಗೊತ್ತಾಗೋದು ವಾರದ ಮೇಲೆ. ಇಲ್ಲೇ ಮಾಡಿಸೋದಾ, ಬೆಂಗಳೂರಿಗೆ ಹೋಗೋದಾ?

ಸರಸ್ವತಿಪುರಂ: ನನಗೆ ಎರಡು ಸಲ ಕೊಯ್ದರು. ಮ್ಯಾಮೋಗ್ರಾಂನಲ್ಲಿ ಗಂಟಿನಾಚೆಗೂ ಪುಡಿಯುಪ್ಪು ಚೆಲ್ಲಿದ ಹಾಗೆ ಬಿಳಿ ಚುಕ್ಕಿ ಇತ್ತು, ಅದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. 11ನೇ ದಿನ ರಿಪೋರ್ಟ್: ತುಂಡಿನ ಅಂಚು ಗುರುತಿಸೋಕೆ ಬಳಿದ ಇಂಕ್ ಮೇಲೇ ಕ್ಯಾನ್ಸರ್ ಕಣ. ಮೊದಲ ಸಲ 1,38,000. ಎರಡನೇ ಸಲ 62,400, ಅದರಲ್ಲಿ ಗ್ಲೌಸು-ಹತ್ತಿಗೇ 4,150! ಇನ್ಶೂರೆನ್ಸ್‌ನವರು ಎರಡನೇದಕ್ಕೆ ಕೈಯೆತ್ತಿದರು. ಜಂಬೂ ಸವಾರಿ ದಿನ ಮನೆಯವರೆಲ್ಲ ಹೊರಗೆ. ನಾನು ಗಾಯದ ನೀರು ಇಳಿಯೋ ಡ್ರೇನ್ ಬಾಟಲಿ ಸೆರಗಿನೊಳಗೆ ಸಿಕ್ಕಿಸಿಕೊಂಡು ಟೀವಿ ಮುಂದೆ.

ಮದ್ದೂರು: ಅದಕ್ಕೇ ನಾನು ಪೂರ್ತಿ ತೆಗೆಸಿಬಿಟ್ಟೆ. ಮಾರ್ಜಿನ್ನೂ ಇಲ್ಲ, ಟೆನ್ಶನ್ನೂ ಇಲ್ಲ. ನನ್ನ ಕೇಸಲ್ಲಿ ರೇಡಿಯೇಷನ್ನೂ ಬೇಕಾಗಲಿಲ್ಲ. ಕಬ್ಬು ಕಟಾವಿನ ಹೊತ್ತಲ್ಲಿ ವಾರಗಟ್ಟಲೆ ಮೈಸೂರಿಗೆ ಯಾರು ಓಡಾಡ್ತಾರೆ?

ಸರಸ್ವತಿಪುರಂ: ಪೂರ್ತಿ ತೆಗೆದರೂ ಮಾರ್ಜಿನ್ ನೋಡ್ತಾರೆ ಅಕ್ಕ. ನಾನೇನು ಶೋಕಿಗೆ ಉಳಿಸಿಕೊಂಡಿಲ್ಲ. ಅಮೆರಿಕ, ಇಟಲಿ ಎರಡೂ ಕಡೆಯ 20 ವರ್ಷದ ಲೆಕ್ಕ 2002ರಲ್ಲೇ ಬಂದಿದೆ. ಗಂಟು ತೆಗೆದು ರೇಡಿಯೇಷನ್ ಕೊಟ್ಟವರೂ, ಪೂರ್ತಿ ತೆಗೆಸಿದವರೂ ಒಂದೇ ಸಮ ಬದುಕಿದ್ದಾರೆ.

ಮದ್ದೂರು: ದಿನಾ ಬಸ್ಸಿಗೆ ಕಾಯೋದು ಇಟಲಿಯವರಲ್ಲ, ನಾವು.

ಕುವೆಂಪುನಗರ: ಫ್ರೋಜನ್ ಅಂದ್ರೆ ದೇವರಲ್ಲ. ಹೆಂಡತಿಗೆ ಬೆಂಗಳೂರಲ್ಲೇ ಮಾಡಿಸಿದೆ. ಅರ್ಧ ಗಂಟೆ ಆಪರೇಷನ್ ನಿಲ್ಲಿಸಿ ನೋಡಿ, ಕ್ಲಿಯರ್ ಅಂದರು. ಫೈನಲ್ ರಿಪೋರ್ಟಲ್ಲಿ ಕೆಳಗಿನ ಅಂಚು ಪಾಸಿಟಿವ್, ಅಂದ್ರೆ ಅಲ್ಲಿ ಕ್ಯಾನ್ಸರ್ ಇದೆ! ಕೊಬ್ಬು ಸರಿಯಾಗಿ ಗಟ್ಟಿಯಾಗಲ್ಲ, ಅದಕ್ಕೇ ತಪ್ಪುತ್ತಂತೆ. ಲಾಡ್ಜಿಗೆ ದಿನಕ್ಕೆ 1,100, ಒಂಬತ್ತು ದಿನ. ಎಂಆರ್‌ಐಗೆ 9,500 ಸುಮ್ನೆ ದಂಡ.

ಪಾಂಡವಪುರ: ದಂಡ ಅಂತ ಹೇಗೆ ಹೇಳ್ತೀರಿ? ನನಗೆ ಎರಡನೇ ಗಂಟು ಸಿಕ್ಕಿದ್ದೇ ಎಂಆರ್‌ಐನಲ್ಲಿ.

ಕುವೆಂಪುನಗರ: ನಿಮಗೆ ಸಿಕ್ಕಿತು, ಸಂತೋಷ. ಎಲ್ಲರಿಗೂ ಎಂಆರ್‌ಐ ಮಾಡಿದ್ರೂ ಮತ್ತೆ ಕೊಯ್ಯೋದು ಕಮ್ಮಿ ಆಗಲ್ಲ ಅಂತ ಬ್ರಿಟನ್ನಿನವರು 2010ರಲ್ಲೇ ಹೇಳಿದ್ದಾರೆ.

ಪಾಂಡವಪುರ: ಸರಿ ಬಿಡಿ. ನನಗೂ ಫ್ರೋಜನ್ ಇರಲಿಲ್ಲ. ಡಾಕ್ಟರು ತೆಗೆದ ತುಂಡಿಗೆ ಅಲ್ಲೇ ಎಕ್ಸ್‌ರೇ ತೆಗೆಸಿದರು, ಕುಳಿಯ ಸುತ್ತ ಇನ್ನೊಂದು ತೆಳು ಪದರ ಕೆರೆದರು. ಹಾಗೆ ಕೆರೆದರೆ ಪಾಸಿಟಿವ್ ಬರೋದು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ ಅಂತ 2015ರಲ್ಲಿ ಅಮೆರಿಕದಲ್ಲಿ ತೋರಿಸಿದ್ದಾರಂತೆ. ಒಂದೇ ಸಲಕ್ಕೆ ಮುಗಿಯಿತು. ಮಂಡ್ಯದವರೇ, ಇದನ್ನು ಮಾಡ್ತಾರಾ ಅಂತ ಕೇಳಿ.

ಸರಸ್ವತಿಪುರಂ: ನನಗೆ ಯಾಕೆ ಮಾಡಲಿಲ್ಲವೋ. ಇಂಕ್‌ಗೆ ತಾಗದಿದ್ರೆ ಸಾಕು ಅಂತ 2014ರಿಂದಲೇ ನಿಯಮ. ನಮ್ಮಮ್ಮನ ಕಾಲದ ಡಾಕ್ಟರು ಸುತ್ತ ಒಂದು ಸೆಂಟಿಮೀಟರ್ ಒಳ್ಳೆ ಭಾಗ ಬೇಕು ಅಂತಿದ್ದರು.

ಮದ್ದೂರು: ಬೆಂಗಳೂರಿಗೇ ಹೋಗೋದಾದ್ರೆ ರೈಲಲ್ಲಿ ಹೋಗಮ್ಮ. ಕ್ಯಾನ್ಸರ್ ರೋಗಿಗೂ ಜೊತೆಯವರಿಗೂ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಫಾರಂ ಬರೆಸಿಕೊಳ್ಳಬೇಕು.

ಕುವೆಂಪುನಗರ: ಇದನ್ನು ಮುಂಚೆ ಯಾರೂ ಹೇಳಲಿಲ್ವಲ್ಲ! ಎರಡು ಸಲ ಟ್ಯಾಕ್ಸಿಗೇ 7,800 ಕೊಟ್ಟಿದ್ದೀನಿ.